ಆಟದ ನೆಲದ ಆರೈಕೆ

ಉಳ್ಳೂರಿನಿಂದ ಕಳಕ್ಕೂಟ್ಟದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಶ್ರೀಕಾರ್ಯವನ್ನು ದಾಟಿದ ಮೇಲೆ ಕಾರ್ಯವಟ್ಟದ ಕ್ರೀಡಾಂಗಣವು ಸಿಗುತ್ತದೆ. 2017ನೆಯ ನವೆಂಬರ್ 7ರಂದು ಅಲ್ಲಿ ಭಾರತ ಮತ್ತು ನ್ಯೂಜಿಲೆಂಡುಗಳ ಪಂದ್ಯಕ್ಕೆ ಮಳೆಯು ಅಡ್ಡಬಂದಿತು. ಆದರೂ ನೆಲದ ನೀರು ಬೇಗನೆ ಬಸಿದುಹೋದುದರಿಂದ ಎಂಟೆಂಟು ಓವರುಗಳ ಆಟ ನಡೆದು, ಭಾರತವು 6 ಓಟಗಳಿಂದ ಗೆದ್ದಿತು. ಆ ಜಯದಲ್ಲಿ ನೆಲವನ್ನು ಕಾದವರ ಪಾಲೂ ಉಂಟು.

ಮರುವರ್ಷ ಕೊಚ್ಚಿಯಲ್ಲಿ ಬೇರೊಂದು ಪ್ರಶ್ನೆ ಎದ್ದಿತು. ಹದಿನೇಳು ವಯಸ್ಸಿನೊಳಗಿನವರ ವಿಶ್ವ ಫುಟ್ಬಾಲ್ ಸ್ಪರ್ಧೆಗಾಗಿ ಕಲೂರಿನ ಜವಾಹರಲಾಲ್ ನೆಹರು ಕ್ರೀಡಾಂಗಣದಲ್ಲಿ ಹೊಸ ಹುಲ್ಲುಹಾಸನ್ನು ಬೆಳೆಸಿದ್ದರು. 2018ರ ನವೆಂಬರ್ 1ರ ವೆಸ್ಟ್ ಇಂಡೀಸ್ ಕ್ರಿಕೆಟ್ ಪಂದ್ಯವನ್ನು ಅಲ್ಲಿಯೇ ಆಡಿಸುವುದಾದರೆ ನಡುನೆಲವನ್ನು ಅಗೆಯಬೇಕಿತ್ತು. ಫುಟ್ಬಾಲಿಗೆ ನೀರಿಳಿಯುವ ನೆಲ, ಮೆತ್ತನೆಯ ಹುಲ್ಲು. ಕ್ರಿಕೆಟಿಗೆ ರೋಲರು ಎಳೆದು ಗಟ್ಟಿಮಾಡಿದ ಜೇಡಿಮಣ್ಣು. ದೋಸೆಗೆ ಪಳಗಿದ ಕಾವಲಿಯಲ್ಲಿ ಚಪಾತಿ ಸುಟ್ಟರೆ ಮರುದಿನ ದೋಸೆ ಏಳದೆಂಬುದನ್ನು ನಮ್ಮ ಹೋಟೆಲು ಬಂಧುಗಳಿಗೆ ಹೇಳಬೇಕಾಗಿಲ್ಲ. ಕ್ರಿಕೆಟ್ಟಿಗರಾದ ಸಚಿನ್ ತೆಂಡೂಲ್ಕರರೇ ಆ ಹುಲ್ಲಿಗಾಗಿ ಕಳವಳಪಟ್ಟರು. ಪಂದ್ಯವು ಕಾರ್ಯವಟ್ಟಕ್ಕೆ ಹೋಯಿತು, ಹುಲ್ಲು ಉಳಿಯಿತು.

ಮಂಟಪ, ಗ್ಯಾಲರಿಗಳನ್ನು ಒಮ್ಮೆ ಕಟ್ಟಿ ನಿಲ್ಲಿಸಬಹುದು. ಹುಲ್ಲಿಗಾದರೋ ನಿತ್ಯದ ನೀರು, ಕಾಲಕಾಲಕ್ಕೆ ಕತ್ತರಿ, ಕಳೆ ಕೀಳುವ ಕೈ, ಎಲ್ಲಕ್ಕೂ ಮಿಗಿಲಾಗಿ ಆಟವಿಲ್ಲದ ಬಿಡುವು ಬೇಕು. ಊರಿನ ಮೈದಾನವು ಕೆಟ್ಟರೆ ಹಣವಂತರು ಬೇರೆ ಅಂಗಣವನ್ನು ಹುಡುಕಿಯಾರು. ವಾರಕ್ಕೊಂದೇ ರಜೆಯುಳ್ಳ ನಮ್ಮ ತರುಣರಿಗೆ ಬೇರೆ ನೆಲವೆಲ್ಲಿದೆ? ಆದುದರಿಂದ ಮೈದಾನದ ಮಾಲಿಗೆ ಸಲ್ಲಬೇಕಾದ ಸಂಬಳವನ್ನೂ ಗೌರವವನ್ನೂ ನಾವು ಕೇಳೋಣ. ಮಳೆಯ ಮರುದಿನ ಕೆಸರು ತುಳಿಯದೆ ತಾಳುವುದೂ ಆಟದ ಧರ್ಮವೇ ಎಂದು ತಿಳಿಯೋಣ.