ಇಲ್ಲದ ನಾಡಿಗೊಂದು ನಕ್ಷೆ: ಯಾವ ತಂತ್ರಾಂಶ ಸೂಕ್ತ?

ತುಳಸಿಗೇರಿ (ಬಾಗಲಕೋಟೆ): ಕಥೆಗಾಗಿ ಕಲ್ಪಿಸಿಕೊಂಡ ನಾಡಿಗೂ ನಕ್ಷೆ ಬೇಕಾಗುತ್ತದೆ. ಮೈಸೂರಿನಲ್ಲಿ ನೆಲೆಸಿದ್ದ ಆರ್.ಕೆ. ನಾರಾಯಣ್ ಅವರ 'ಮಾಲ್ಗುಡಿ' ಯಾವ ಭೂಪಟದಲ್ಲೂ ಇಲ್ಲ. ಆದರೂ ವಿದ್ವಾಂಸ ಜೇಮ್ಸ್ ಫೆನೆಲ್ಲಿ ಕಾದಂಬರಿಗಳಲ್ಲಿನ ವಿವರಗಳನ್ನು ಕಲೆಹಾಕಿ, ಸರಯೂ ನದಿ, ಮಾರುಕಟ್ಟೆ ರಸ್ತೆಗಳ ಸಹಿತ ಅದರ ನಕ್ಷೆ ರಚಿಸಿದರು. ಇಂದು ಅಂಥ ಕೆಲಸಕ್ಕೆ ಗಣಕಯಂತ್ರ ನೆರವಾಗುತ್ತದೆ. ಆದರೆ ತಂತ್ರಾಂಶದ ಆಯ್ಕೆಯಲ್ಲಿ ಎಡವಿದರೆ ತಿಂಗಳುಗಳ ಶ್ರಮ ವ್ಯರ್ಥವಾದೀತು.

ಚುಕ್ಕೆಯೋ, ರೇಖೆಯೋ?

ಚಿತ್ರ ತಂತ್ರಾಂಶಗಳಲ್ಲಿ ಮುಖ್ಯವಾಗಿ ಎರಡು ಬಗೆ. ಗಿಂಪ್, ಕ್ರಿಟಾ, ಫೋಟೋಶಾಪ್‌ಗಳು ಚಿತ್ರವನ್ನು ಚುಕ್ಕೆಗಳಾಗಿ ಉಳಿಸುತ್ತವೆ. ಬೆಟ್ಟದ ನೆರಳು, ಕಾಡಿನ ಬಣ್ಣಗಳಿಗೆ ಇವು ಉತ್ತಮ. ಆದರೆ ಇಂಚಿಗೆ 300 ಚುಕ್ಕೆಗಳಂತೆ ಎ4 ಹಾಳೆಯೊಂದಕ್ಕೆ ಸುಮಾರು 87 ಲಕ್ಷ ಚುಕ್ಕೆಗಳು ಬೇಕು. ಗೋಡೆಗೆ ತೂಗುಹಾಕುವ ಎ1 ಅಳತೆಗೆ ಸುಮಾರು 7 ಕೋಟಿ. ಚಿಕ್ಕದಾಗಿ ಬರೆದುದನ್ನು ಹಿಗ್ಗಿಸಿದರೆ ಅಂಚುಗಳು ಮಸುಕಾಗುತ್ತವೆ.

ಇಂಕ್‌ಸ್ಕೇಪ್, ಕೋರೆಲ್ ಡ್ರಾ, ಇಲ್ಲಸ್ಟ್ರೇಟರ್‌ಗಳು ರೇಖೆಯನ್ನು ಗಣಿತದ ರೂಪದಲ್ಲಿ ಉಳಿಸುವುದರಿಂದ ಎಷ್ಟು ಹಿಗ್ಗಿಸಿದರೂ ಅದು ಕೆಡುವುದಿಲ್ಲ. ಕಥೆ ಬದಲಾದಂತೆ ಗಡಿ, ನದಿ, ಊರುಗಳನ್ನು ಸರಿಸುವುದೂ ಸುಲಭ.

ಪದರಗಳ ಪ್ರಯೋಜನ

ಆಲಮಟ್ಟಿ ಹಿನ್ನೀರಿನಿಂದ ಹಳೆ ಬಾಗಲಕೋಟೆಯ ಭಾಗ ಮುಳುಗಿ, ನವನಗರ ಎದ್ದುನಿಂತಿತು. ಕಥೆಯ ನಾಡಿನಲ್ಲೂ ಇಂಥ ಬದಲಾವಣೆ ಬರಬಹುದು. ನೀರು, ರಸ್ತೆ, ಊರು, ಹೆಸರುಗಳನ್ನು ಪ್ರತ್ಯೇಕ ಪದರಗಳಲ್ಲಿಟ್ಟರೆ 'ಅಣೆಕಟ್ಟೆಗೆ ಮೊದಲು' ಮತ್ತು 'ನಂತರ' ಎಂಬ ಎರಡೂ ನಕ್ಷೆಗಳು ಒಂದೇ ಕಡತದಲ್ಲಿ ದೊರೆಯುತ್ತವೆ.

ಕನ್ನಡವೇ ನಿಜವಾದ ಪರೀಕ್ಷೆ

ಕನ್ನಡಿಗರು ಗಮನಿಸಬೇಕಾದ ಪ್ರಮುಖ ಅಂಶ ಅಕ್ಷರಗಳದ್ದು. ಡಿಟಿಪಿ ಕೇಂದ್ರಗಳಲ್ಲಿ ಕೋರೆಲ್ ಡ್ರಾದೊಂದಿಗೆ ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿ ಬಳಸುವ ರೂಢಿಯಿದೆ. ಆ ಶೈಲಿ ಇಲ್ಲದ ಗಣಕದಲ್ಲಿ ಕಡತ ತೆರೆದರೆ ಊರಿನ ಹೆಸರುಗಳ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಆದ್ದರಿಂದ ನೋಟೊ ಸಾನ್ಸ್ ಕನ್ನಡದಂಥ ಯೂನಿಕೋಡ್ ಶೈಲಿ ಬಳಸುವುದೇ ಕ್ಷೇಮ. ತಂತ್ರಾಂಶವನ್ನು ಒಪ್ಪಿಕೊಳ್ಳುವ ಮುನ್ನ 'ಕೃಷ್ಣಾ', 'ಸ್ವರ್ಣಗಿರಿ' ಎಂದು ಬೆರಳಚ್ಚಿಸಿ, ಒತ್ತಕ್ಷರ ಹಾಗೂ ಅರ್ಕಾವತ್ತು ಸರಿಯಾಗಿ ಮೂಡುತ್ತವೆಯೇ ಎಂದು ನೋಡಬೇಕು. ಮುದ್ರಣಕ್ಕೆ ಕೊಡುವ ಪ್ರತಿಯಲ್ಲಿ ಅಕ್ಷರಗಳನ್ನು ರೇಖೆಗಳಾಗಿ ಪರಿವರ್ತಿಸಿ, ತಿದ್ದಬಹುದಾದ ಮೂಲಪ್ರತಿಯನ್ನು ಬೇರೆಯಾಗಿ ಕಾಯ್ದಿಡಬೇಕು.

ಸಿದ್ಧ ಸಾಧನಗಳು

ಅಜ್ಗಾರ್ ಎಂಬ ಉಚಿತ ಸಾಧನ ಬ್ರೌಸರ್‌ನಲ್ಲಿಯೇ ಕ್ಷಣಾರ್ಧದಲ್ಲಿ ಕಾಲ್ಪನಿಕ ಖಂಡವನ್ನು ರಚಿಸಿಕೊಡುತ್ತದೆ. ಅದನ್ನು ಎಸ್‌ವಿಜಿ ಕಡತವಾಗಿ ಪಡೆದು ಇಂಕ್‌ಸ್ಕೇಪ್‌ನಲ್ಲಿ ತಿದ್ದಬಹುದು. ವಂಡರ್‌ಡ್ರಾಫ್ಟ್‌ಗೆ ಹಣ ತೆರಬೇಕು. ಕ್ಯುಜಿಐಎಸ್ ಉಚಿತವಾದರೂ ನೈಜ ಭೂಮಿಯ ಅಕ್ಷಾಂಶ, ರೇಖಾಂಶಗಳಿಗಾಗಿ ರೂಪುಗೊಂಡದ್ದು. ಕಥೆಯ ನಾಡಿಗೆ ಅದು ಅನಿವಾರ್ಯವಲ್ಲ.

ತುಳಸಿಗೇರಿಯಂಥ ಊರಿನ ವಿದ್ಯಾರ್ಥಿಗೆ ಉಚಿತವಾದ ಇಂಕ್‌ಸ್ಕೇಪ್‌ನಿಂದ ಆರಂಭಿಸುವುದು ಸೂಕ್ತ. ಬೆಟ್ಟ-ಕಾಡುಗಳ ಛಾಯೆ ಬೇಕೆನಿಸಿದಾಗ ಗಿಂಪ್ ಜೊತೆಗೂಡಲಿ. ಆದರೆ ಭೂಗೋಳದ ತಿಳಿವಳಿಕೆಯನ್ನು ಯಾವ ತಂತ್ರಾಂಶವೂ ಒದಗಿಸದು. ಘಟಪ್ರಭಾ ಚಿಕ್ಕಸಂಗಮದಲ್ಲಿ, ಮಲಪ್ರಭಾ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತವೆ. ನದಿಗಳು ಹರಿಯುತ್ತ ಒಂದಾಗುವುದೇ ಸಾಮಾನ್ಯ. ಕವಲೊಡೆಯುವುದು ಹೆಚ್ಚಾಗಿ ಸಮುದ್ರದ ಸಮೀಪದಲ್ಲಿ. ಈ ನಿಯಮವನ್ನು ಪಾಲಿಸಿದ ನಕ್ಷೆಯನ್ನು ಓದುಗ ನಂಬುತ್ತಾನೆ.