ಒತ್ತಬೇಡಿ, ತಾನೇ ಇಳಿಯುತ್ತದೆ

1981ರಲ್ಲಿ ಐಬಿಎಂ ಮಾರುಕಟ್ಟೆಗೆ ಬಿಟ್ಟ ಪರ್ಸನಲ್ ಕಂಪ್ಯೂಟರಿನ ಮುಚ್ಚಳ ತೆಗೆದವರಿಗೆ ಇಂಟೆಲ್ 8088 ಪ್ರೊಸೆಸರಿನ ಮಗ್ಗುಲಲ್ಲೇ ಒಂದು ಖಾಲಿ ಸಾಕೆಟ್ ಕಾಣುತ್ತಿತ್ತು. 40 ರಂಧ್ರಗಳ ಆ ಜಾಗವನ್ನು 8087 ಎಂಬ ಲೆಕ್ಕದ ಚಿಪ್ಪಿಗೆಂದು ಕಾಯ್ದಿರಿಸಲಾಗಿತ್ತು. ದಶಮಾಂಶದ ಗುಣಾಕಾರ, ಭಾಗಾಕಾರಗಳನ್ನು 8088 ಒಂದೊಂದೇ ಹೆಜ್ಜೆಯಾಗಿ ಎಳೆದಾಡಿ ಮಾಡುತ್ತಿತ್ತು. 8087ಕ್ಕೆ ಅದೇ ಕಸುಬು. ಬೇಕಾದವರು ಅದನ್ನು ಬೇರೆಯಾಗಿ ಕೊಂಡು ತಂದು ಕೂರಿಸಿಕೊಳ್ಳಬಹುದಿತ್ತು. ಆಲ್ಟೇರ್‌ನಂಥ ಕಿಟ್‌ಗಳಿಗೆ ಬೆಸುಗೆ ಹಾಕಿ ಪಳಗಿದ ಹವ್ಯಾಸಿಗಳನ್ನು ಬಿಟ್ಟರೆ, ಕಂಪ್ಯೂಟರಿನ ಒಡಲಿಗೆ ಕೈಹಾಕಿದ ಮೊದಲ ಸಾಮಾನ್ಯ ಬಳಕೆದಾರರಲ್ಲಿ ಇವರೂ ಸೇರುತ್ತಾರೆ.

ಕೆಲಸ ಕೇಳಿದಷ್ಟು ಸಲೀಸಾಗಿರಲಿಲ್ಲ. ಚಿಪ್ಪಿನ ಎರಡೂ ಬದಿಗೆ ಇಪ್ಪತ್ತಿಪ್ಪತ್ತು ಕಾಲುಗಳು. ಹೊಸದರಲ್ಲಿ ಅವು ಕೊಂಚ ಹೊರಕ್ಕೆ ಅಗಲಿಸಿಕೊಂಡಿರುತ್ತವೆ. ಮೇಜಿಗೆ ಒಂದು ಬದಿ ಒರಗಿಸಿ, ಮೆಲ್ಲಗೆ ಒತ್ತಿ, ಇಡೀ ಸಾಲನ್ನು ನೆಟ್ಟಗೆ ಮಾಡಿಕೊಳ್ಳಬೇಕು. ಚಿಪ್ಪಿನ ತುದಿಯ ಕಚ್ಚು ಸಾಕೆಟ್ಟಿನ ಕಚ್ಚಿಗೆ ಹೊಂದಬೇಕು. ಆಮೇಲೆ ಹೆಬ್ಬೆರಳಿನ ಬಲ. 39 ಕಾಲುಗಳು ಒಳಗಿಳಿದು ಉಳಿದೊಂದು ಹೊಟ್ಟೆಯಡಿ ಮಡಚಿಕೊಂಡರೆ ಮೇಲಿನಿಂದ ನೋಡಿದವರಿಗೆ ಗೊತ್ತೇ ಆಗದು. ಎಲ್ಲ ಸರಿಹೋದ ಮೇಲೂ ಬೋರ್ಡಿನ ಮೇಲಿನ ಪುಟ್ಟ ಸ್ವಿಚ್ಚೊಂದನ್ನು ಸರಿಸಿ, ‘8087 ಬಂದಿದೆ’ ಎಂದು ಯಂತ್ರಕ್ಕೆ ತಿಳಿಸಬೇಕಿತ್ತು.

ಕಾಲುಗಳು ಹೆಚ್ಚುತ್ತ ಹೋದಂತೆ ಹೆಬ್ಬೆರಳು ಸೋತಿತು. 1985ರ 386ಕ್ಕೆ 132 ಪಿನ್. 1989ರ 486ಕ್ಕೆ 168. ಈಗ ಪಿನ್‌ಗಳು ಅಂಚಿನಿಂದ ಚಿಪ್ಪಿನ ತಳಕ್ಕೆ ಬಂದು ಚೌಕಟ್ಟಾಗಿ ನಿಂತಿದ್ದವು. ಪ್ರತಿ ಪಿನ್ನನ್ನೂ ಸಾಕೆಟ್ಟಿನ ಸ್ಪ್ರಿಂಗ್ ಬಿಗಿಯಾಗಿ ಹಿಡಿಯಬೇಕು. ಒಂದೊಂದರದು ಅಲ್ಪ ಪ್ರತಿರೋಧ. ಅಷ್ಟನ್ನೂ ಒಟ್ಟಿಗೆ ಇಳಿಸಲು ಸುಮಾರು 45 ಕಿಲೋ ಭಾರದಷ್ಟು ಒತ್ತಡ. ಕೆಳಗಿನ ಬೋರ್ಡ್ ಬಾಗಿ ಬೆಸುಗೆ ಬಿರುಕು ಬಿಟ್ಟರೆ ಹಣವೆಲ್ಲ ನೀರುಪಾಲು.

ಪರಿಹಾರ ಹೊಸದಾಗಿ ಹುಟ್ಟಬೇಕಿರಲಿಲ್ಲ. ಚಿಪ್‌ಗಳನ್ನು ಪರೀಕ್ಷಿಸುವ ಯಂತ್ರಗಳಲ್ಲಿ ಲಿವರ್ ಇರುವ ಸಾಕೆಟ್ ಆಗಲೇ ಬಳಕೆಯಲ್ಲಿತ್ತು. ಲಿವರ್ ಎತ್ತಿದರೆ ಹಿಡಿತ ಸಡಿಲ. ಚಿಪ್ ತನ್ನ ಭಾರಕ್ಕೇ ಇಳಿದು ಕೂರುತ್ತದೆ. ಲಿವರ್ ಇಳಿಸಿದರೆ ಎಲ್ಲ ಪಿನ್‌ಗಳೂ ಒಮ್ಮೆಗೇ ಕಚ್ಚಿಕೊಳ್ಳುತ್ತವೆ. ಇದು ಮನೆಯ ಕಂಪ್ಯೂಟರಿಗೆ ಬರಲು ವ್ಯಾಪಾರವೂ ಕಾರಣ. 1992ರಲ್ಲಿ ಇಂಟೆಲ್ ‘ಓವರ್‌ಡ್ರೈವ್’ ಹೆಸರಿನ ಪ್ರೊಸೆಸರುಗಳನ್ನು ನೇರವಾಗಿ ಗ್ರಾಹಕರಿಗೆ ಮಾರತೊಡಗಿತು. ಕೊಂಡವರು ಕೂರಿಸಲಾರದೆ ಹೋದರೆ ಮಾರುವುದಾದರೂ ಹೇಗೆ?

ಅದಕ್ಕೂ ಮುಂಚಿನ 487ಎಸ್‌ಎಕ್ಸ್‌ನ ಕಥೆ ಕೇಳಿದರೆ ನಗು ಬರುತ್ತದೆ. ಲೆಕ್ಕದ ಸಹಾಯಕ ಎಂದು ಮಾರಿದ ಆ ಚಿಪ್ ನಿಜದಲ್ಲಿ ಒಂದು ಪೂರ್ಣ 486. ಕೂರಿಸಿದೊಡನೆ ಹಳೆಯ ಪ್ರೊಸೆಸರನ್ನು ಸುಮ್ಮನಾಗಿಸಿ ಎಲ್ಲ ಕೆಲಸವನ್ನೂ ತಾನೇ ವಹಿಸಿಕೊಳ್ಳುತ್ತಿತ್ತು.

ಲಿವರ್ ಬಂದಮೇಲೆ ಪ್ರೊಸೆಸರ್ ಕೂರಿಸುವುದು ತಜ್ಞರ ಕೈಯಿಂದ ಜಾರಿ ಹುಡುಗರ ಕೈಗೆ ಬಂತು. ತೊಂಬತ್ತರ ದಶಕದ ‘ಸಾಕೆಟ್ 7’ರಲ್ಲಿ 321 ರಂಧ್ರ. ಇಂಟೆಲ್, ಎಎಂಡಿ, ಸಿರಿಕ್ಸ್, ಯಾರ ಚಿಪ್ಪಾದರೂ ಅದರಲ್ಲಿ ಕೂರುತ್ತಿತ್ತು, ಬೋರ್ಡಿನ ಜಂಪರುಗಳೆಂಬ ಪುಟ್ಟ ಕೊಂಡಿಗಳನ್ನು ಸರಿಯಾಗಿ ಹಾಕಿದರೆ. ಪುಣೆಯಲ್ಲಿ ಹುಟ್ಟಿ ಇಂಟೆಲ್‌ನಲ್ಲಿ ಪೆಂಟಿಯಂ ತಂಡವನ್ನು ನಡೆಸಿದ ವಿನೋದ್ ಧಾಮ್, ಮುಂದೆ ಎಎಂಡಿಯ ಪಾಳಯದಲ್ಲಿ ಕೆ6 ಚಿಪ್ಪಿಗೂ ದುಡಿದರು. 1997ರ ಆ ಕೆ6 ಪೆಂಟಿಯಂನದೇ ಸಾಕೆಟ್ಟಿನಲ್ಲಿ ಕೂತು ಅದಕ್ಕೇ ಪೈಪೋಟಿ ಕೊಟ್ಟಿತು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಭಾಗ ಕೊಂಡು ‘ಅಸೆಂಬಲ್ಡ್’ ಕಂಪ್ಯೂಟರ್ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ಮತ್ತೆ ಬಂದಿಲ್ಲ ಎನ್ನಬಹುದು. ಅದೇ ವರ್ಷ ಇಂಟೆಲ್ ಪೆಂಟಿಯಂ 2ಕ್ಕೆ ಕಾರ್ಟ್ರಿಜ್ ರೂಪ ಕೊಟ್ಟು, ಉದ್ದನೆಯ ಸ್ಲಾಟಿಗೆ ಸಿಕ್ಕಿಸುವಂತೆ ಮಾಡಿತು. ಅದು ಹೆಚ್ಚು ಕಾಲ ಬಾಳಲಿಲ್ಲ.

2004ರಲ್ಲಿ ಇಂಟೆಲ್‌ನ ಎಲ್‌ಜಿಎ 775 ಸಾಕೆಟ್ ಬಂದಾಗ ಪಿನ್‌ಗಳೇ ಮನೆ ಬದಲಿಸಿದವು. ಪ್ರೊಸೆಸರಿನ ತಳದಲ್ಲಿ ಉಳಿದದ್ದು 775 ಚಪ್ಪಟೆ ಚಿನ್ನದ ಚುಕ್ಕೆ. ಕೂದಲಿನಷ್ಟು ನಯವಾದ ಸ್ಪ್ರಿಂಗ್‌ಗಳು ಬೋರ್ಡಿನ ಸಾಕೆಟ್ಟಿಗೆ ಬಂದವು. ದುಬಾರಿ ಚಿಪ್ ಬಚಾವ್. ಆದರೆ ಪಿನ್ ಬಾಗಿದರೆ ಬರುವ ಜಗಳ ಮದರ್‌ಬೋರ್ಡ್ ತಯಾರಕರ ತಲೆಗೆ ಕಟ್ಟಿತು. ಹಾಗಾಗಿಯೇ ಹೊಸ ಬೋರ್ಡಿನ ಸಾಕೆಟ್ಟಿನ ಮೇಲೆ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ವಾರಂಟಿಗೆ ಬೋರ್ಡ್ ಕಳಿಸುವಾಗ ಅದು ಬೇಕಾಗುವುದರಿಂದ ಎಸೆಯದಿರುವುದು ಒಳಿತು.

ಇಲ್ಲಿ ಲಿವರ್ ಮತ್ತೆ ಬಿಗಿ ಕೇಳುತ್ತದೆ. ನೂರಾರು ಸ್ಪ್ರಿಂಗ್‌ಗಳನ್ನು ಅದುಮಬೇಕಾದ್ದರಿಂದ ಕೊಕ್ಕೆಗೆ ಸಿಕ್ಕಿಸುವಾಗ ಕರಕರ ಸದ್ದೂ ಬರುತ್ತದೆ. ಮೊದಲ ಸಲ ಕೂರಿಸುವವರ ಎದೆ ಧಸಕ್ಕೆನ್ನುವುದು ಇಲ್ಲೇ. ಮೂಲೆಯ ತ್ರಿಕೋನ ಸಾಕೆಟ್ಟಿನ ಗುರುತಿಗೆ ಹೊಂದಿ, ಅಂಚಿನ ಕಚ್ಚುಗಳು ಸರಿಯಾಗಿ ಕೂತು, ಚಿಪ್ ಅಲುಗಾಡದೆ ಮಟ್ಟಸವಾಗಿದ್ದರೆ ಆ ಸದ್ದಿಗೆ ಹೆದರಬೇಕಿಲ್ಲ.

ಎಎಂಡಿ ಮಾತ್ರ ಮನೆಬಳಕೆಯ ಸಾಮಾನ್ಯ ಚಿಪ್‌ಗಳ ತಳದಲ್ಲಿ ಪಿನ್‌ಗಳನ್ನು 2022ರವರೆಗೂ ಉಳಿಸಿಕೊಂಡಿತ್ತು. ಅದರ ಎಎಂ4 ಸಾಕೆಟ್ಟಿನಲ್ಲಿ ಕೂರಿಸುವುದಕ್ಕಿಂತ ಬಿಚ್ಚುವುದೇ ಕಷ್ಟ. ಪ್ರೊಸೆಸರಿಗೂ ಅದನ್ನು ತಂಪಾಗಿಡುವ ಕೂಲರಿಗೂ ನಡುವಿನ ಥರ್ಮಲ್ ಪೇಸ್ಟ್ ಒಣಗಿ ಗಟ್ಟಿಯಾಗಿ ಹಿಡಿದಿದ್ದರೆ, ಕೂಲರನ್ನು ನೇರ ಮೇಲಕ್ಕೆ ಎಳೆದಾಗ ಲಿವರ್ ಬಿಗಿದಿದ್ದರೂ ಪ್ರೊಸೆಸರ್ ಅದಕ್ಕೆ ಅಂಟಿಕೊಂಡೇ ಕಿತ್ತು ಬರುತ್ತದೆ. ಅದಕ್ಕೇ ಬಲ್ಲವರು ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ ಪೇಸ್ಟ್ ಬೆಚ್ಚಗಾಗಲು ಬಿಡುತ್ತಾರೆ. ಆಮೇಲೆ ವಿದ್ಯುತ್ ತೆಗೆದು, ಕೂಲರನ್ನು ಅತ್ತಿತ್ತ ನಿಧಾನಕ್ಕೆ ತಿರುವಿ ಎತ್ತುತ್ತಾರೆ. 1718 ಸಂಪರ್ಕಗಳ ಹೊಸ ಎಎಂ5ರಲ್ಲಿ ಈ ಫಜೀತಿ ಇಲ್ಲ. ಚಿಪ್ಪಿನ ಅಂಚನ್ನು ಲೋಹದ ಚೌಕಟ್ಟು ಒತ್ತಿ ಹಿಡಿದಿರುತ್ತದೆ.