ಕೃಷ್ಣೆಗೆ ಕಟ್ಟಿದ ಬ್ಯಾರೇಜು, ದಿಲ್ಲಿಗೆ ತೆರೆದ ದಾರಿ



1961ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ಕಂಪ್ಯೂಟರಿಗೆ 0.506127 ಎಂಬ ಅಂಕಿಯ ಬದಲು 0.506 ಎಂದಷ್ಟೇ ಕೊಟ್ಟರು. ಅಷ್ಟರಿಂದಲೇ ಮುಂದಿನ ಹವೆಯ ಲೆಕ್ಕ ಪೂರಾ ಬೇರೆಯಾಯಿತು. ಚಿಟ್ಟೆಯ ರೆಕ್ಕೆಬಡಿತದಷ್ಟು ಸಣ್ಣ ವ್ಯತ್ಯಾಸವೂ ದೊಡ್ಡ ಫಲ ತರಬಲ್ಲದೆಂಬ ಈ ಸಂಗತಿಗೆ 'ಚಿಟ್ಟೆ ಪರಿಣಾಮ' ಎಂಬ ಹೆಸರು ಆಮೇಲೆ ಬಂತು.

ಚರಿತ್ರೆಯಲ್ಲೂ ಹೀಗಾದೀತೆ? ಜಮಖಂಡಿ ಕಡೆ ನೋಡಿ. ಬೇಸಿಗೆಯಲ್ಲೂ ಕೃಷ್ಣೆಯ ನೀರು ಹೊಲಕ್ಕೆ ಸಿಗಬೇಕೆಂದು ಇಲ್ಲಿನ ರೈತರು ಸರಕಾರಕ್ಕೆ ಕಾಯಲಿಲ್ಲ. ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ 1989ರಲ್ಲಿ ಚಿಕ್ಕಪಡಸಲಗಿ ಬಳಿ ಬ್ಯಾರೇಜು ಕಟ್ಟಿದರು. ಅದೇ ಶ್ರಮಬಿಂದು ಸಾಗರ. ಮುಂದಾಳು ಸಿದ್ದು ನ್ಯಾಮಗೌಡರು ಜನರ ಬಾಯಲ್ಲಿ 'ಬ್ಯಾರೇಜ್ ಸಿದ್ದು' ಆದರು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ಕಾಂಗ್ರೆಸ್ಸಿನ ಹುರಿಯಾಳಾಗಿ ನಿಂತು, ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಅವರನ್ನೇ ಸೋಲಿಸಿದರು; ಕೇಂದ್ರದಲ್ಲಿ ಮಂತ್ರಿಯೂ ಆದರು.

ಬ್ಯಾರೇಜು ಇರದಿದ್ದರೆ ಹೆಗಡೆಯವರು ಗೆಲ್ಲುತ್ತಿದ್ದರೇ? ಚರಿತ್ರೆಯನ್ನು ಕಂಪ್ಯೂಟರಿನಂತೆ ಮತ್ತೆ ಓಡಿಸಿ ನೋಡಲಾಗದು. ಚುನಾವಣೆಗೆ ನೂರು ಕಾರಣಗಳಿರುತ್ತವೆ. ಆದರೂ ಆ ಬ್ಯಾರೇಜು ಇಲ್ಲದೆ ನ್ಯಾಮಗೌಡರ ಹೆಸರು ಊರೂರಿಗೆ ಮುಟ್ಟುತ್ತಿರಲಿಲ್ಲ ಎಂಬುದು ನಮ್ಮ ಎಣಿಕೆ. ಚಿಟ್ಟೆಗೆ ತನ್ನ ರೆಕ್ಕೆಯ ಫಲ ತಿಳಿಯದು. ರೈತರಿಗೆ ನೀರು ಬರುವುದು ತಿಳಿದಿತ್ತು, ದಿಲ್ಲಿಯ ಸಂಗತಿ ಮಾತ್ರ ಯಾರ ಲೆಕ್ಕದಲ್ಲೂ ಇರಲಿಲ್ಲ.